ಸಂದು ಬಿಡದ ಕಿಟಕಿ

ಮಾರ್ಚ್ ೧೨, ಗುರುವಾರ.

ಆ ಕಿಟಕಿ ತಲೆಯಿಂದ ಇಳಿಯುತ್ತಿಲ್ಲ. ಭಾವ ಬಡಗಿ ಕೆಲಸ ಬಿಟ್ಟು ಪ್ಲಾಸ್ಟಿಕ್ ಕಿಟಕಿಯ ಕಾರ್ಖಾನೆ ಹಾಕಿದ ಮೇಲೆ ನನ್ನೊಬ್ಬನನ್ನೇ ನಂಬಿ ಒಂದು ಮನೆಗೆ ಕಿಟಕಿ ಕೂರಿಸಲು ಕಳಿಸಿದ್ದು ಇದೇ ಮೊದಲು. ಮರದ ಚೌಕಟ್ಟು ಕೂರಿಸುವ ಹಾಗೆಯೇ ಗೋಡೆಗೆ ಬಿಗಿಯಾಗಿ ಬಡಿದು ಕೂರಿಸಿದೆ. ಭಾವ ಬಂದು ನೋಡಿ, "ಭೇಷ್ ಭಾಮೈದ, ಕೂದಲು ತೂರೋಕೂ ಸಂದಿಲ್ಲ" ಅಂದ. ಅವನೂ ಬಡಗಿಯೇ ತಾನೆ.

ಸಂಜೆ ಕಾರ್ಖಾನೆಯಲ್ಲಿ ಚೌಕಟ್ಟಿನ ಮೂಲೆ ಬೆಸೆಯುವಾಕೆ ಕೇಳಿದಳು, "ಸುತ್ತ ಜಾಗ ಬಿಟ್ರಾ ಅಣ್ಣ?"

"ಯಾಕೆ, ಸೊಳ್ಳೆ ಬರ್ಲಿ ಅಂತಾನಾ?"

ಅವಳು ನಗಲಿಲ್ಲ. "ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತಲ್ಲ. ಜಾಗ ಇಲ್ದಿದ್ರೆ ಚೌಕಟ್ಟು ಬಾಗಿ ಕಿಟಕಿ ಕಚ್ಕೊಂಡುಬಿಡುತ್ತೆ."

ಆ ಕೋಣೆಗೆ ಅದೊಂದೇ ಕಿಟಕಿ. ಒಳಗೆ ಮಲಗಿರುವ ಮುದುಕಿಗೆ ಉಬ್ಬಸ, ಗಾಳಿ ಬೇಕು ಅಂತಲೇ ಮಾಡಿಸಿದ್ದು. ನಾಳೆ ಮಧ್ಯಾಹ್ನ ಅದು ತೆರೆಯದೇ ಹೋದರೆ ಆಕೆ ಯಾರನ್ನು ಕೂಗಿಯಾಳು? ಮಗಳು ಕೆಲಸಕ್ಕೆ ಹೋಗಿರುತ್ತಾಳೆ.

ಬಿಸಿಲೇರುವ ಮೊದಲೇ ಹೋಗಿ ಬಿಚ್ಚಬೇಕು. ಎಲ್ಲರೆದುರು ಹೊಗಳಿದ ಭಾವನಿಗೆ ಹೇಳಿ ಹೋಗಲೋ, ಹೋಗಿ ಬಂದು ಹೇಳಲೋ? ಹೇಳಿದರೆ ಬೇರೆಯವರನ್ನು ಕಳಿಸುತ್ತಾನೆ, ಇನ್ನೆಂದೂ ನನ್ನನ್ನು ಕಳಿಸುವುದಿಲ್ಲ. ಹೇಳದೆ ಹೋಗಿ, ಬಿಚ್ಚುವಾಗ ಮತ್ತೇನಾದರೂ ಎಡವಟ್ಟು ಮಾಡಿದರೆ ಮುದುಕಿಗೆ ಇರುವ ಕಿಟಕಿಯೂ ಹೋಯಿತು. ಹೇಳಿಬಿಡುವುದೇ ಸರಿ. ಕಳಿಸಿದರೆ ಕಳಿಸಲಿ, ಉಳಿಯ ಚೀಲ ಹೊತ್ತುಕೊಂಡಾದರೂ ಅವರ ಹಿಂದೆ ಹೋಗಿ, ಎಷ್ಟು ಜಾಗ ಬಿಡುತ್ತಾರೆ ಅಂತ ನೋಡಿ ಕಲಿಯುತ್ತೇನೆ.