ಮೂರನೇ ನಂಬರಿನ ಭಾರ

ಅರ್ವೈಹೇರ್, ಏಪ್ರಿಲ್ ಹದಿನೇಳು

ಪ್ರೀತಿಯ ಅಣ್ಣಾ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಓರೆಕೋರೆ, ತಪ್ಪುಗಳೂ ಇರುತ್ತವೆ. ಐದನೇ ತರಗತಿಗೇ ಕುರಿಗಳ ಹಿಂದೆ ಹೋದವಳು, ನಗದೆ ಓದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಕೊರಿಯಾಕ್ಕೆ ಹೊರಟಿರುವ ಪಕ್ಕದವರ ಕೈಲಿ ಒಣಮೊಸರಿನ ಗಂಟಿನ ಜೊತೆ ಈ ಕಾಗದ. ನಿನ್ನ ಬೆನ್ನುನೋವು ಹೇಗಿದೆ? ಕಾರ್ಖಾನೆಯ ಊಟ ಈಗಲಾದರೂ ನಾಲಿಗೆಗೆ ಹಿಡಿಸಿತೇ? ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಕಂದು ಕುದುರೆ ಮರಿ ಹಾಕಿದೆ, ಹಣೆಯಲ್ಲಿ ಬಿಳಿ ಚುಕ್ಕೆ.

ಕಳೆದ ಶನಿವಾರ ಸಂಸ್ಕೃತಿ ಭವನದಲ್ಲಿ ನಮ್ಮ ತಂಡ ನೀನು ಕಟ್ಟಿದ ಹಾಡು ನುಡಿಸಬೇಕಿತ್ತು, ನಿನ್ನ ಜಾಗದಲ್ಲಿ ಗಿಟಾರಿಗೆ ನಾನು. ನೀನು ಬಿಟ್ಟುಹೋದ, ಗಿಟಾರಿನ ದನಿ ಬದಲಿಸುವ ಎಫೆಕ್ಟ್ ಪೆಟ್ಟಿಗೆಯ ಮೂರನೇ ನಂಬರಿನಲ್ಲಿ ಅದರ ನಾದವೆಲ್ಲ ಇದೆಯಲ್ಲ. 'ಮೂರಕ್ಕೆ ಮಾತ್ರ ಕೈ ಹಚ್ಚಬೇಡ ಕಣೇ' ಎಂದು ಹೊರಡುವಾಗ ನೀನು ಬಸ್ಸಿನ ಕಿಟಕಿಯಿಂದ ಕೂಗಿದ್ದೆ. ಕುದುರೆತಲೆಯ ಪಿಟೀಲು ನುಡಿಸುವ ಅಜ್ಜ ಮಂಜುಗಡ್ಡೆಯ ಮೇಲೆ ಜಾರಿ ಕೈ ಮುರಿದುಕೊಂಡಿದ್ದಾರೆ. ಅವರ ತಗ್ಗು ದನಿ ಇಲ್ಲದೆ ಹಾಡು ಬೋಳಾಗಿತ್ತು. ಅದಕ್ಕೆ ಗಿಟಾರಿನ ಕೆಳಗೊಂದು ತಗ್ಗು ಸ್ವರ ಬರುವಂತೆ ಮೂರರಲ್ಲಿ ಸೇರಿಸಿದೆ. ಅಭ್ಯಾಸದ ದಿನ ಹೊರೆ ತೋರಿಸುವ ಪರದೆಯ ಪಟ್ಟಿ ಕೆಂಪಾಯಿತು, ಪೆಟ್ಟಿಗೆಯ ಪ್ರೊಸೆಸರ್ ತುಂಬಿತು, ದನಿ ಚೂರುಚೂರಾಗಿ ಒಡೆಯಿತು. ಡ್ರಮ್ಮಿನ ದಾಶ್‌ಜೆವೆಗ್ ಮಾವ ಕೋಲು ಕೆಳಗಿಟ್ಟು, 'ಏನಮ್ಮಾ, ನಿಮ್ಮಣ್ಣನ ಪೆಟ್ಟಿಗೆಗೆ ಕೆಮ್ಮು ಹತ್ತಿದ್ಯಾ? ಬಿಸಿ ಹಾಲು ಕುಡ್ಸು. ನಾಳೆಗೂ ವಾಸಿಯಾಗ್ದಿದ್ರೆ ಈ ಹಾಡನ್ನೇ ಬಿಟ್ಬಿಡೋಣ' ಎಂದರು. ಎಲ್ಲರೂ ನಕ್ಕರು. ನನ್ನ ಕಿವಿ ಸುಟ್ಟುಹೋಯಿತು.

ಬೇಡದ ಎಫೆಕ್ಟ್‌ಗಳನ್ನೆಲ್ಲ ಕಾಲಿನಿಂದ ಒತ್ತಿ ಆಫ್ ಮಾಡಿ ನೋಡಿದೆ. ಪಟ್ಟಿ ಕೆಂಪಾಗಿಯೇ ಇತ್ತು. ಮರುದಿನ ವಸಂತದ ಬೀಡಿಗೆ ಹೊರಡಲು ಗುಡಾರ ಬಿಚ್ಚುತ್ತಿದ್ದೆವು. ನಾನು ನಿನ್ನ ಮಂಚವನ್ನೂ ಮಡಚಿ ಒಂಟೆಗೆ ಬಿಗಿಯಲು ಹೋದೆ. ಅಮ್ಮ ತಡೆದು, 'ಮಡಚಿದ್ರೆ ಭಾರ ಕಮ್ಮಿಯಾಗತ್ತೇನೇ? ಮಲಗೋರಿಲ್ಲ ಅಂತ ಒಂಟೆಗೆ ಗೊತ್ತಾ? ಇಳಿಸು' ಎಂದಳು. ಹಗ್ಗ ಕೈಯಲ್ಲಿರುವಾಗಲೇ ಪೆಟ್ಟಿಗೆಯ ಗುಟ್ಟು ಹೊಳೆಯಿತು. ಆಫ್ ಮಾಡಿದರೂ ಆ ಎಫೆಕ್ಟ್‌ಗಳು ಪೆಟ್ಟಿಗೆಯೊಳಗೆ ಹೇರಿಕೊಂಡೇ ಇರುತ್ತವೆ, ತೆಗೆದುಹಾಕಿದರೇ ಜಾಗ!

ಭವನದಲ್ಲಿರುವುದು ಒಂದೇ ಸ್ಪೀಕರ್. ನೀನು ಪೆಟ್ಟಿಗೆಯೊಳಗೆ ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದ ಆಂಪ್‌ನ ದನಿಗಳಲ್ಲಿ ಒಂದನ್ನು ತೆಗೆದೆ. ದೊಡ್ಡ ಗುಹೆಯ ಹಾಗೆ ಮೊಳಗುತ್ತಿದ್ದ ಪ್ರತಿಧ್ವನಿಯನ್ನು ತೆಗೆದು ಸಣ್ಣದನ್ನು ಹಾಕಿದೆ. ಆ ಹಾಲ್ ತಾನೇ ಸಾಕಷ್ಟು ಮೊಳಗುತ್ತದೆ. ಪಟ್ಟಿ ಹಸಿರಾಯಿತು. ಶನಿವಾರ ತಗ್ಗು ಸ್ವರ ಬಂದಾಗ, ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಅಜ್ಜ ತಮ್ಮ ಪಿಟೀಲು ಎಲ್ಲಿದೆ ಎಂದು ವೇದಿಕೆಯ ಮೇಲೆ ಹುಡುಕಿದರಂತೆ. ದಾಶ್‌ಜೆವೆಗ್ ಮಾವ, 'ಪೆಟ್ಟಿಗೆಗಲ್ಲ, ಈ ಹುಡುಗಿಗೇ ಕೆಮ್ಮಿತ್ತು, ಈಗ ಬಿಡ್ತು' ಎಂದರು. ಈ ಸಲ ನಾನೂ ನಕ್ಕೆ.

ನಿನ್ನ ದಾರಿ ಬಿಳಿಯಾಗಿ, ನಿರ್ವಿಘ್ನವಾಗಿರಲಿ ಎಂದು ಅಮ್ಮ ದಿನವೂ ಮೊದಲ ಚಹಾವನ್ನು ಆಕಾಶಕ್ಕೆ ಚಿಮುಕಿಸುತ್ತಾಳೆ. ಹೊಟ್ಟೆ ತುಂಬ ಉಣ್ಣು.

ನಿನ್ನ ತಂಗಿ
ಖುಲಾನ್

ತಾ.ಕ.: ನಿನ್ನ ಹಳೆಯ ನಾದವನ್ನು ಒಂದು ಕೂದಲೂ ಕೊಂಕದಂತೆ ಒಂಬತ್ತನೇ ನಂಬರಿನಲ್ಲಿ ಇಟ್ಟಿದ್ದೇನೆ. ನೀನು ಬಂದಾಗ ಪೆಟ್ಟಿಗೆ ನಿನ್ನದೇ. ಮೂರು ಮಾತ್ರ ನನಗೆ ಬಿಟ್ಟುಕೊಡುತ್ತೀಯಾ? ಕೇಳುವ ಮೊದಲೇ ಮಾಡಿಬಿಟ್ಟೆ. ಇವತ್ತು ಬೆಳಿಗ್ಗೆ ಹಾಲು ಕರೆದು ಬಂದು, ಕೈ ಒರೆಸಿಕೊಂಡು, ಪರದೆಯಲ್ಲಿ ಮೂರರ ಎದುರಿಗಿದ್ದ ನಿನ್ನ ಹೆಸರು ತೆಗೆದು ನನ್ನ ಹೆಸರು ಹಾಕಿದೆ.