ಮನೆಯ ಫೋನಿನಲ್ಲಿ ಕೇಳಿದ ಚೀರಾಟ

ಹರಪನಹಳ್ಳಿ ಆಸ್ಪತ್ರೆಯಿಂದ
ಬುಧವಾರ, ೧೨-೬-೯೬

ಕೊಟ್ರೇಶಿಯ ಅಪ್ಪನವರಿಗೆ ವಾಣಿಶ್ರೀಯ ನಮಸ್ಕಾರಗಳು.

ಮಗು ಕೊಟ್ರೇಶಿ ಈಗ ಚೆನ್ನಾಗಿದ್ದಾನೆ, ಮೊದಲು ಅದನ್ನು ತಿಳಿಯಿರಿ. ನಿನ್ನೆ ಚಿಗಟೇರಿಯಲ್ಲಿ ಅಮ್ಮನ ಮನೆಯಲ್ಲಿದ್ದಾಗ ಜ್ವರ ಏರಿ ಅವನಿಗೆ ಫಿಟ್ಸ್ ಬಂತು. ನಿಮಗೆ ತಿಳಿಸಲು ಎಸ್‌ಟಿಡಿ ಬೂತಿಗೆ ಓಡಿದೆ. ನಮ್ಮ ಮನೆಯ ಫೋನನ್ನು ಯಾರೋ ಎತ್ತಿದಂತಾಯಿತು. ಆದರೆ ನಿಮ್ಮ ದನಿಯ ಬದಲು ಕಿವಿ ಸೀಳುವ ಚೀರಾಟ ಕೇಳಿತು. ಮತ್ತೆ ಮಾಡಿದೆ, ಅದೇ ಚೀರಾಟ. ಬೂತಿನ ಪಕ್ಕೀರಮ್ಮ ತಾನೂ ಕೇಳಿ, "ಯವ್ವಾ, ನಿಮ್ಮ ಮನ್ಯಾಗ ಯಾರಿಗಾರ ಕರೆಂಟ್ ಹೊಡದೈತೇನ್ರಿ?" ಎಂದಳು. ನಾನು ಆಗಲೇ ನಮ್ಮ ಮನೆಗೆ ಓಡಿಬರಲು ಹೊರಟೆ.

ಅಮ್ಮನ ನೆರೆಮನೆಯ ದೊಡ್ಡಬೀರಪ್ಪನವರು, "ಮೊದ್ಲು ಕೂಸನ್ನ ಉಳಸ್ಕೊಳ್ರಿ, ಜೀಪ್ ಹತ್ರಿ" ಎಂದು ಇಲ್ಲಿಗೆ ಕರೆತಂದರು.

ಮಗು ಮಲಗಿದ ಮೇಲೆ ನಿಮ್ಮ ಮಾತು ನೆನಪಾಯಿತು. ಕಂಪ್ಯೂಟರಿಗೆ ಮೇಲರ್ ಎಂಬ ಪ್ರೋಗ್ರಾಂ ಹಾಕುತ್ತೇನೆ, ಇನ್ನು ಮೇಲೆ ಫೋನನ್ನು ಅದೇ ಎತ್ತಿ, ಕರೆ ಮಾಡಿದವರನ್ನು, ಕಂಪ್ಯೂಟರಿನವರು ಫೋನ್ ತಂತಿಯಲ್ಲೇ ಪತ್ರ ಹಾಕಿ ಓದುವ ಬುಲೆಟಿನ್ ಬೋರ್ಡಿಗೆ ಒಪ್ಪಿಸುತ್ತದೆ ಎಂದಿದ್ದಿರಿ. ಆ ಚೀರಾಟ, ಇನ್ನೊಂದು ಕಂಪ್ಯೂಟರನ್ನು ಕರೆಯುವ ಅದರ ಸದ್ದೇ ಇರಬೇಕು. ಅದರದ್ದೇ ಆಗಿರಲಿ. ಆದರೆ ಬಾಯಿಂದ ಮಾತಾಡುವವರನ್ನು ಅದು ಯಾರಿಗೆ ಒಪ್ಪಿಸುತ್ತದೆ? ಅದನ್ನೊಂದು ಸರಿಮಾಡಿ.

ಇನ್ನೊಮ್ಮೆ ಫೋನ್ ಮಾಡಲು ನನಗೆ ಧೈರ್ಯವಿಲ್ಲ. ಈ ಪತ್ರ ತರುವ ಬಸ್ಸಿನ ಡ್ರೈವರ್ ನಮ್ಮ ಹಗರಿಬೊಮ್ಮನಹಳ್ಳಿಯಿಂದ ಸಂಜೆ ಇಲ್ಲಿಗೇ ಮರಳುತ್ತಾರೆ. ನೀವು ಬರಲಾಗದಿದ್ದರೆ ಅವರ ಕೈಯಲ್ಲಿ ಎರಡು ಸಾಲು ಕಳಿಸಿ. ಕಂಪ್ಯೂಟರಿನಲ್ಲಿ ಅಚ್ಚು ಹಾಕಬೇಡಿ, ಕೈಯಲ್ಲೇ ಬರೆಯಿರಿ. ನೀವೇ ಬರೆದಿದ್ದೀರೆಂದು ನನಗೆ ಗೊತ್ತಾಗಬೇಕು.

ನಿಮ್ಮ ದಾರಿ ನೋಡುತ್ತಿರುವ,
ವಾಣಿಶ್ರೀ