ಮೇಲಿನ ಸಾಲು ಓದದೆ ತಿದ್ದಿದ ಫೈಲು

ಏಪ್ರಿಲ್ ೨೨, ಮಂಗಳವಾರ. ಅಥಣಿ.

ನನಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ಯಾರಿಗೂ ಹೇಳಿಲ್ಲ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು ವಿಡಿಯೊ ನೋಡಿ, ಅಕ್ಷರಗಳ ಆಕಾರ ನೆನಪಿಟ್ಟುಕೊಂಡು ಈ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ನಡೆಸುತ್ತಿದ್ದೇನೆ.

ಜೊತೆಗೆ ಕೆಲಸ ಮಾಡುವ ಸಮ್ಮೇದನೂ ತಂಪು ಹೆಚ್ಚು ಕಡಿಮೆ ಮಾಡುವಂತಾಗಲಿ ಎಂದು, ಕಂಪ್ಯೂಟರಿನಲ್ಲಿ ಆ ಅಧಿಕಾರ ಯಾರ್ಯಾರಿಗಿದೆ ಎಂದು ಬರೆದಿರುವ ಫೈಲನ್ನು ಇವತ್ತು ಸಾದಾ ಎಡಿಟರಿನಲ್ಲಿ ತೆರೆದು ಅವನ ಹೆಸರು ಸೇರಿಸಿದೆ. ಎಲ್ಲೋ ತಪ್ಪಿತು. ಈಗ ಕಂಪ್ಯೂಟರ್ ನನ್ನ ಮಾತನ್ನೂ ಕೇಳುತ್ತಿಲ್ಲ. ಅದನ್ನು ಸರಿಪಡಿಸಲೂ ಅದೇ ಅಧಿಕಾರ ಬೇಕು. ತಂಪು ಹೆಚ್ಚಿಸಲಾಗದೆ ಎರಡನೆಯ ಕೋಣೆ ನಿಧಾನವಾಗಿ ಬೆಚ್ಚಗಾಗುತ್ತಿದೆ. ಒಳಗಿರುವುದು ಊರವರ ಒಣದ್ರಾಕ್ಷಿ.

ತಿದ್ದುವ ಮೊದಲು ಮೊಬೈಲಿನಲ್ಲಿ ಫೈಲಿನ ಫೋಟೊ ತೆಗೆದಿದ್ದೆ. ಸಮ್ಮೇದ ಅದನ್ನು ನೋಡಿದ.

"ಸಾದಾ ಎಡಿಟರಿನ್ಯಾಗ ತಿದ್ದಬ್ಯಾಡ್ರಿ, ತಪ್ಪ ಹಿಡಿಯೂ ಎಡಿಟರಿನ್ಯಾಗ ತಿದ್ದ್ರಿ ಅಂತ ಇಂಗ್ಲಿಷಿನ್ಯಾಗ ಮ್ಯಾಲೇ ಬರದಾರಲ್ಲೋ! ಕಣ್ಣ ಎಲ್ಲಿಟ್ಟಿದ್ದಿಲೇ?"

ಆ ಸಾಲು ನನಗೆ ಓದಲು ಬರಲಿಲ್ಲ ಎಂದು ಹೇಳದೆ ಮೊಬೈಲು ಜೇಬಿಗಿಟ್ಟೆ.

"ಇರಲಿ ಬಿಡು, ವೈರಸ್ ಬಂದಿತ್ತು ಅಂತ ಹೇಳೂಣು."

"ಸುಳ್ಳ ನನ್ನ ಕಡಿಂದ ಆಗೂದಿಲ್ಲೋ."

"ಹಂಗಾರ ಖರೇ ಹೇಳಿ ಮನಿಗಿ ಹೋಗು, ಧರ್ಮರಾಯಾ."

ಮಾಲೀಕರು ಭೀಮಗೊಂಡ ಕಾಕಾ ಭೋಜ ಎಂಬ ಊರಿಗೆ, ಮಗಳ ಮನೆಗೆ ಹೋಗಿದ್ದಾರೆ. ಕಂಪ್ಯೂಟರ್ ಕೂಡಿಸಿದ ಇಂಜಿನಿಯರನ ನಂಬರ್ ಇರುವುದು ಅವರ ಹತ್ತಿರ ಮಾತ್ರ. ಫೋನ್ ಮಾಡಿ, "ಕಾಕಾ, ಒಂದ ಮಾತ ಹೇಳೂದೈತ್ರಿ" ಎಂದೆ. "ನೀ ಅದೀಯಲ್ಲ ತಮ್ಮಾ, ನನಗ್ಯಾತರ ಚಿಂತಿ? ಮುಂಜಾನೆ ಹೇಳು" ಎಂದು ಇಟ್ಟೇಬಿಟ್ಟರು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಆ ನಂಬಿಕೆಯ ದನಿ ಕಿವಿಯಿಂದ ಹೋಗುತ್ತಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಪರದೆಯ ಮೇಲೆ ಕೋಣೆಯ ಉಷ್ಣತೆಯ ಅಂಕಿ ಏರುತ್ತಲೇ ಇದೆ. ಮಾಲು ಕೆಟ್ಟರೆ ಊರವರಿಗೆ ನಾನು ಏನೆಂದು ಹೇಳಲಿ?

ಸಮ್ಮೇದ ಕೋಣೆ ಕಾಯುತ್ತಾನೆ. ನಾಳೆ ಮೊದಲ ಬಸ್ಸಿಗೆ ನಾನು ಭೋಜಕ್ಕೆ ಹೋಗಿ, ಕಾಕಾರ ಎದುರೇ ನಿಜ ಹೇಳಿ, ಇಂಜಿನಿಯರನ ನಂಬರ್ ತರುತ್ತೇನೆ.